ಓಕೆಯೋ ಕ್ಯಾನ್ಸಲ್ಲೋ

ಜತ್ತಪ್ಪನ ಒಂದು ಸೀನಿನಿಂದ ಬಿ.ಸಿ.ರೋಡಿನ ಬಸ್ಸುಗಳೆಲ್ಲ ನಿಂತುಬಿಟ್ಟವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನಷ್ಟ ನಿಮಗೇ.

೨೦೦೨ರ ಒಂದು ಭಾನುವಾರ. ಬೀಡಿ ಕಂಪೆನಿಯ ಗುಮಾಸ್ತ ಜತ್ತಪ್ಪ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದ. ರಜೆಯ ದಿನ ಅವನಿಗೆ ಮಾತಿಗೆ ಗೋಡೆಯೇ ಗತಿ. ಆ ಗೋಡೆಯೂ ಈಚೆಗೆ ಆಕಳಿಸುತ್ತಿತ್ತು. ಕೇರಂ ಎಂದರೆ ಜೀವ, ಎದುರು ಕೂರಲು ಜನವಿಲ್ಲ. ಅದಕ್ಕೇ ಕೇರಂ ಆಟದ ಸಿ.ಡಿ. ತಂದು ತನ್ನ ಹಳೆಯ ಕಂಪ್ಯೂಟರಿಗೆ ತುಂಬಿಸತೊಡಗಿದ. ಅರ್ಧ ತುಂಬುವಾಗ ಸೀನು ಬಂದು, ಮೌಸ್ ಜಾರಿ, ಕ್ಯಾನ್ಸಲ್ ಒತ್ತಿಹೋಯಿತು. ಪರದೆ ಇಂಗ್ಲಿಷಿನಲ್ಲಿ ಕೇಳಿತು: ರದ್ದು ಮಾಡುವುದು ಖಂಡಿತವೇ? ಕೆಳಗೆ ಎರಡೇ ಗುಂಡಿ: ಓಕೆ, ಕ್ಯಾನ್ಸಲ್.

ಜತ್ತಪ್ಪ ಕಿಟಕಿಯಿಂದ ಕೂಗಿದ. ಕೆಳಗಿನ ಚಪ್ಪಲಿ ಅಂಗಡಿಯ ಬಾವಾ ಬಂದರು. ಪಕ್ಕದ ಮನೆಯ ಇಂಗ್ಲಿಷ್ ಟೀಚರ್ ಶಶಿಪ್ರಭಾ ಬಂದರು. ವಿಟ್ಲ ಬಸ್ಸಿನ ಕಂಡಕ್ಟರ್ ಹುಕ್ರಪ್ಪ ಬಸ್ಸನ್ನು ನಡುರಸ್ತೆಯಲ್ಲೇ ಬಿಟ್ಟು ಬಂದ.

"ಓಕೆ ಒತ್ತು. ಓಕೆ ಅಂದ್ರೆ ಒಳ್ಳೇದೇ ಅಲ್ವಾ?" ಎಂದರು ಬಾವಾ.

"ಅದು ರದ್ದಿಗೆ ಓಕೆ. ರದ್ದು ಬೇಡಾದ್ರೆ ಕ್ಯಾನ್ಸಲ್ ಒತ್ಬೇಕು," ಎಂದರು ಟೀಚರ್.

"ಬಸ್ಸು ನಿಲ್ಲಿಸ್ಲಿಕ್ಕೆ 'ರೈಟ್ ಪೋಯಿ' ಅಂತ ಹೊರಡಿಸಿದ ಹಾಗಾಯ್ತಲ್ಲ ಟೀಚರೆ," ಎಂದ ಹುಕ್ರಪ್ಪ, ಮತ್ತು ಓಕೆ ಒತ್ತಿದ. ತುಂಬಿದ್ದೆಲ್ಲ ಅಳಿಸಿಹೋಯಿತು.

ಮತ್ತೆ ಮೊದಲಿನಿಂದ. ಈ ಸಲ ಪರದೆ, ಹಳೆಯ ಫೈಲುಗಳನ್ನು ಉಳಿಸದೆ ಮುಂದುವರಿಯುವುದು ಬೇಡವೇ ಎಂದು ಕೇಳಿತು. ಹೌದೆಂದರೆ ಬೇಡವೋ, ಇಲ್ಲವೆಂದರೆ ಬೇಕೋ? ಚರ್ಚೆ ಕಾವೇರಿತು. ಕೆಳಗೆ ಬಸ್ಸುಗಳ ಸಾಲು ಮಂಗಳೂರು ಮುಟ್ಟಿತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಬಾವಾ ಬೆವರು ಒರೆಸಿಕೊಂಡರು. "ಅಂಗಡೀಲಿ ಮರದ ಬೋರ್ಡೇ ಉಂಟು ಮಾರಾಯ. ಸರಿಯಾಗಿ ನಾಲ್ಕು ಜನ ಇದ್ದೇವೆ, ಆಡುವ."

ಜತ್ತಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. "ಮೊದಲು ಇದೊಂದು ಆಗ್ಲಿ ಬಾವಾಕ."

ಕೊನೆಗೆ ಟೀಚರ್ ಕಣ್ಣು ಮುಚ್ಚಿ ಏನೋ ಒತ್ತಿದರು. ಆಟ ತುಂಬಿತು. ಮೂವರೂ ತಾವೇ ಗೆದ್ದವರಂತೆ ಮೆಟ್ಟಿಲಿಳಿದರು. ಟೀಚರ್ ಅಡುಗೆಗೆ ಹೋದರು, ಬಾವಾ ಶಟರ್ ಎಳೆದು ಊಟಕ್ಕೆ ಹೋದರು, 'ರೈಟ್ ಪೋಯಿ' ಎಂಬ ಕೂಗಿನೊಡನೆ ವಿಟ್ಲದ ಬಸ್ಸೂ ಹೋಯಿತು.

ಜತ್ತಪ್ಪ ಅಂಗೈ ಉಜ್ಜಿಕೊಂಡು ಕುಳಿತ. ಪರದೆಯ ಮೇಲೆ ಚೆಂದದ ಬೋರ್ಡು ಮೂಡಿತು, ಅದರ ನಡುವೆ ಒಂದು ಪ್ರಶ್ನೆ: ಈ ಆಟಕ್ಕೆ ಇಬ್ಬರು ಬೇಕು. ಇನ್ನೊಬ್ಬರು ಬರುವ ತನಕ ಕಾಯುತ್ತೀರಾ?

ಅವನು ಕಿಟಕಿಯಿಂದ ಇಣುಕಿದ. ಚಪ್ಪಲಿ ಅಂಗಡಿಗೆ ಬೀಗ ಬಿದ್ದಿತ್ತು.

ಅಂದು ಕೇಳಿದ ಪ್ರಶ್ನೆಗಳಲ್ಲಿ ಇದೊಂದೇ ಅವನಿಗೆ ಸ್ಪಷ್ಟವಾಗಿ ಅರ್ಥವಾದದ್ದು. ಯಾರನ್ನೂ ಕರೆಯದೆ ಓಕೆ ಒತ್ತಿದ.