ಒಂಬತ್ತು ಪಾಯಿಂಟ್ ಎಂಟು ಬರೆಯದ ಮೈದುನ

ನನ್ನ ಮೈದುನನಷ್ಟು ಅಪಾಯಕಾರಿ ಮನುಷ್ಯ ಇಡೀ ದೆಹಲಿಯಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ಎದೆ ತಟ್ಟಿ ಹೇಳಬಲ್ಲೆ. ಕುಡಿತವೇ? ಕಾಫಿಯನ್ನೂ ಮುಟ್ಟುವುದಿಲ್ಲ. ಹುಡುಗಿಯರ ಹಿಂದೆ ಸುತ್ತುತ್ತಾನೆಯೇ? ಸುತ್ತಿದ್ದರೆ ನಾನೇ ಮುಂದೆ ನಿಂತು ಮದುವೆ ಮಾಡಿಸುತ್ತಿದ್ದೆ. ಅವನ ಚಟವೇ ಬೇರೆ. ಅವನು ಸುಳ್ಳು ಹೇಳುವುದಿಲ್ಲ! ಅಂಥವನನ್ನು ಮುನಿರ್ಕಾದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ಬಾಳುವುದು ಏನಂತ ಅನುಭವಿಸಿದವರಿಗೇ ಗೊತ್ತು.

ಮೆಟ್ರೊ ಇನ್ನೂ ನಮ್ಮ ಕಡೆ ಬಾರದಿದ್ದ ಕಾಲ. ನಾನು, ನನ್ನ ಗಂಡ ಇಬ್ಬರೂ ಗುಡಗಾಂವಿನ ಆಫೀಸುಗಳಲ್ಲಿ ದುಡಿಯುತ್ತಿದ್ದೆವು. ಚಿತ್ರದುರ್ಗದ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮಾವನವರಿಗೆ ಕಿರಿಮಗ ವಕೀಲನಾಗಬೇಕೆಂಬ ಆಸೆ. ಮಗನಿಗೋ ವಿಜ್ಞಾನದ ಹುಚ್ಚು. ಬಿಎಸ್ಸಿ, ಎಲ್‌ಎಲ್‌ಬಿ ಎರಡನ್ನೂ ಒಟ್ಟಿಗೆ ಓದಿಸುವ ಐದು ವರ್ಷದ ಕೋರ್ಸು ನೋಯ್ಡಾ ಕಡೆಯ ಒಂದು ಕಾಲೇಜಿನಲ್ಲಿದೆ ಅಂತ ಯಾರೋ ಪುಣ್ಯಾತ್ಮರು ಹೇಳಿಬಿಟ್ಟರು. ಹುಡುಗ ಟ್ರಂಕು ಹೊತ್ತು ನಮ್ಮ ಮನೆಗೆ ಬಂದಿಳಿದ.

ಮನೆ ಮಾಲೀಕರಿಗೆ ನಾನು, ಊರಿಂದ ನೆಂಟ ಬಂದಿದ್ದಾನೆ, ಒಂದು ವಾರ ಇದ್ದು ಹೋಗುತ್ತಾನೆ ಅಂತ ನಯವಾಗಿ ಹೇಳಿಟ್ಟಿದ್ದೆ. ಮೆಟ್ಟಿಲ ಮೇಲೆ ಸಿಕ್ಕ ಅವರು ಇವನನ್ನೇ ವಿಚಾರಿಸಿದರು. ಇವನು ನಿಂತು ಲೆಕ್ಕ ಹಾಕಿ, ಕೋರ್ಸು ಐದು ವರ್ಷದ್ದು, ನಡುವೆ ಫೇಲಾದರೆ ಇನ್ನೂ ಹೆಚ್ಚಾಗಬಹುದು ಅಂದ. ಅಷ್ಟಕ್ಕೇ ಬಿಟ್ಟನೇ? ನಾವು ಕದ್ದು ಉರಿಸುತ್ತಿದ್ದ ಹೀಟರಿನ ವಿಷಯವನ್ನೂ ತಿಳಿಸಿ ಬಂದ! ಮುಂದಿನ ತಿಂಗಳು ಬಾಡಿಗೆ ಏರಿತು, ಹೀಟರ್ ಇಳಿಯಿತು. ಜನವರಿಯ ಚಳಿಯಲ್ಲಿ ಮೂವರೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದೆವು.

ಕಾಲೇಜಿನಲ್ಲಾದರೂ ನೆಟ್ಟಗಿದ್ದನೇ? ಕಾನೂನು ಓದುವವರಿಗೆ ಅಣಕು ನ್ಯಾಯಾಲಯ ಅಂತ ಇರುತ್ತದೆ. ಇಬ್ಬರು ಹುಡುಗರು ಎದುರುಬದುರು ವಾದ ಮಾಡಬೇಕು, ಮೇಷ್ಟ್ರೇ ನ್ಯಾಯಾಧೀಶರು. ಎದುರಿನ ಹುಡುಗ ಮಾತು ಮುಗಿಸಿದ ಮೇಲೆ ಇವನು ಎದ್ದು ನಿಂತು, ಅವರು ಹೇಳಿದ್ದು ನನಗೂ ಸರಿ ಅನ್ನಿಸಿತು ಸ್ವಾಮಿ, ಅಂತ ಹೇಳಿ ಕೂತುಬಿಟ್ಟನಂತೆ. ಇವನ ತಲೆಗೆ ವಿಜ್ಞಾನವೇ ಸರಿ ಅಂತ ಕಾನೂನಿನ ಮೇಷ್ಟ್ರು ಕೈಮುಗಿದರು. ಇವನ ಬಾಯಿಗೆ ಕಾನೂನೇ ಸರಿ ಅಂತ ಫಿಸಿಕ್ಸ್ ಮೇಷ್ಟ್ರು ಮೊದಲೇ ಕೈಮುಗಿದಾಗಿತ್ತು.

ಯಾಕೆ ಅಂತೀರಾ? ಅಲ್ಲೇ ಇರುವುದು ನನ್ನ ಗೋಳು. ಲೋಲಕ ತೂಗಾಡಿಸಿ ಭೂಮಿಯ ಗುರುತ್ವಾಕರ್ಷಣೆ ಅಳೆಯುವ ಒಂದು ಪ್ರಯೋಗವಿದೆ. ಉತ್ತರ ಒಂಬತ್ತು ಪಾಯಿಂಟ್ ಎಂಟು ಬರಬೇಕು. ಬರುವುದಿಲ್ಲ! ಸವೆದ ಸ್ಟ್ಯಾಂಡು, ಓಲಾಡುವ ಮೇಜು, ಎಲ್ಲಿಂದ ಬಂದೀತು? ಅದಕ್ಕೇ ಭರತಖಂಡದ ಸಮಸ್ತ ವಿದ್ಯಾರ್ಥಿಗಳೂ ಮೊದಲು ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ತುಂಬಿಸುತ್ತಾರೆ. ನಾನು ಬಿಎಸ್ಸಿ ಪಾಸಾಗಿದ್ದೂ ಹಾಗೇ. ಇವನು ಮಾತ್ರ ಕಣ್ಣಿಗೆ ಕಂಡದ್ದನ್ನೇ ಬರೆದು ಎರಡು ಸಲ ಫೇಲಾಗಿ ಬಂದ. ಮೂರನೆಯ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ ಅಂತ ಕಾಲೇಜಿನ ನಿಯಮ.

ಬೇಡಿಕೊಂಡೆ, ಬೈದೆ, ತಲೆ ಚಚ್ಚಿಕೊಂಡೆ. ಅಪ್ಪನ ಮುಖ ನೆನೆಸಿಕೊಂಡು ಒಂದೇ ಒಂದು ಸಲ ಎಲ್ಲರ ಹಾಗೆ ಬರಿ ಮಾರಾಯ ಅಂದೆ. ಅವನಿಗೆ ಸಿಟ್ಟೇನೂ ಬರಲಿಲ್ಲ.

“ಅತ್ತಿಗೆ, ಬೆಳಿಗ್ಗೆ ಕಾನೂನಿನ ಕ್ಲಾಸಲ್ಲಿ ಸುಳ್ಳು ಸಾಕ್ಷ್ಯ ಸೃಷ್ಟಿಸಿದರೆ ಜೈಲು ಅಂತ ಪಾಠ ಮಾಡ್ತಾರೆ. ಮಧ್ಯಾಹ್ನ ಲ್ಯಾಬಲ್ಲಿ ಅದನ್ನೇ ಮಾಡಿದರೆ ಮಾರ್ಕ್ಸ್ ಕೊಡ್ತಾರೆ. ಬೇರೆಯವರು ಒಂದೊಂದು ಕ್ಲಾಸಲ್ಲಿ ಕೂತಿರ್ತಾರೆ. ನಾನು ಎರಡರಲ್ಲೂ ಕೂತಿರ್ತೀನಲ್ಲ.”

ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮೂರನೆಯ ಪರೀಕ್ಷೆಯಲ್ಲೂ ಹಾಳು ಲೋಲಕವೇ ಬಂತು. ಪಕ್ಕದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಯಂತ್ರ ನೆಲ ಕುಟ್ಟುತ್ತಿತ್ತಂತೆ, ಲ್ಯಾಬಿನ ಕಿಟಕಿಗಳೆಲ್ಲ ಗಡಗಡ. ಇವನಿಗೆ ಬಂದ ಉತ್ತರ ಹನ್ನೊಂದು ಪಾಯಿಂಟ್ ನಾಲ್ಕು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕರುಣಾಳು. ಇನ್ನೊಮ್ಮೆ ಸರಿಯಾಗಿ ನೋಡು ಬೇಟಾ ಅಂತ ಕಣ್ಣು ಮಿಟುಕಿಸಿ ಆಚೆ ಹೋದರು. ಇವನು ನಿಜಕ್ಕೂ ಇನ್ನೊಮ್ಮೆ ನೋಡಿದ. ಹನ್ನೊಂದು ಪಾಯಿಂಟ್ ಆರು ಬಂತು. ಅದನ್ನೇ ಬರೆದು, ಮೇಜು ಅಲ್ಲಾಡುತ್ತಿದೆ ಅಂತ ಕೆಳಗೊಂದು ಟಿಪ್ಪಣಿ ಸೇರಿಸಿ ಬಂದ.

ಫಲಿತಾಂಶ ಬಂತು, ಸೀಟು ಹೋಯಿತು. ಭಾನುವಾರ ಬೆಳಿಗ್ಗೆ ಮಾವನವರ ಫೋನು. ನನ್ನ ಗಂಡ ಟವೆಲ್ಲು ಹಿಡಿದು ಬಚ್ಚಲುಮನೆ ಸೇರಿಕೊಂಡರು. ನಾನು ಹೆದರಲಿಲ್ಲ. ರಿಸಲ್ಟು ತಡೆಹಿಡಿದಿದ್ದಾರೆ ಅಂತ ಒಂದು ಮುದ್ದಾದ ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ಮೈದುನ ಟ್ರಂಕಿನ ಪಕ್ಕದಲ್ಲಿ ನೆಲದ ಮೇಲೆ ಕೂತು ಅಂಗಿ ಮಡಚುತ್ತಿದ್ದ. ಹೇಳು ಅನ್ನಲಿಲ್ಲ, ಹೇಳಬೇಡ ಅನ್ನಲಿಲ್ಲ. ಅವನ ಮುಖ ನೋಡಿದೆ ನೋಡಿ, ಅಲ್ಲೇ ಕೆಟ್ಟಿತು.

“ಫೇಲಾಗಿದ್ದಾನೆ ಮಾವ. ಕೋರ್ಸಿಂದ ತೆಗೆದರು. ಪ್ರಯೋಗದಲ್ಲಿ ಎಲ್ಲರೂ ಪುಸ್ತಕದಲ್ಲಿರೋ ಅಂಕಿ ಬರೀತಾರೆ, ಇವನು ಕಂಡದ್ದನ್ನ ಬರೆದ.”

ಮಗ ಕರಿ ಕೋಟು ಹಾಕುವುದನ್ನು ನೋಡಬೇಕೆಂದು ಕಾದಿದ್ದ ಜೀವ ಅದು. ಇನ್ನು ಅಳುತ್ತಾರೆ, ಇಲ್ಲವೇ ಗುಡುಗುತ್ತಾರೆ ಅಂದುಕೊಂಡೆ.

“ಎಷ್ಟು ಬಂದಿತ್ತಂತೆ?” ಅಂದರು.

“ಹನ್ನೊಂದು ಪಾಯಿಂಟ್ ಆರು.”

“ಹನ್ನೊಂದು ಪಾಯಿಂಟ್ ಆರು ಬಂದರೆ ಹಾಗಂತಲೇ ಬರೀಬೇಕಲ್ಲಮ್ಮ. ಬೇರೇನು ಬರೀತಾರೆ?”

ಫೋನನ್ನು ಮೈದುನನ ಕೈಗೆ ಕೊಟ್ಟೆ. ಅವನು ಮಡಚಿದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ‘ಅಪ್ಪಾ’ ಅಂದ. ಆ ಹುಡುಗನ ತಲೆ ಸವರಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ ಮೊದಲು. ಸವರಿದೆ. ಎಣ್ಣೆ ಕಾಣದೆ ಕೂದಲು ಒಣಗಿಹೋಗಿತ್ತು, ಪಾಪ.