ಮತ್ ಅಂದರೆ ಮತ್ತೆ ಅಲ್ಲ

ನನಗೆ ಹಿಂದಿ ಬರುತ್ತದೆ ಎಂಬುದು ಇಡೀ ತರೀಕೆರೆಗೆ ಗೊತ್ತು. ನನಗೊಬ್ಬನಿಗೆ ಮಾತ್ರ ಅನುಮಾನವಿತ್ತು.

ಮೋಟಾರ್ ವೈಂಡಿಂಗ್ ಕಲಿಯಲು ಹಿಂದೊಮ್ಮೆ ಹದಿನೈದು ದಿನ ಇಂದೋರಿಗೆ ಹೋಗಿದ್ದೆ. ವಾಪಸ್ಸು ಬಂದವನು ಹೆಂಡತಿಯ ಮುಂದೆ ನಾಲ್ಕು ಸಲ ‘ಅಚ್ಛಾ, ಅಚ್ಛಾ’ ಅಂದದ್ದೇ ತಪ್ಪಾಯಿತು, ಪಂಡಿತನೆಂದು ಹೆಸರಾಯಿತು. ಸ್ಟೇಷನ್ನಿನಲ್ಲಿ ಉತ್ತರದ ಕಡೆಯವರು ದಾರಿ ಕೇಳಿದರೆ ಜನ ನನ್ನ ಅಂಗಡಿ ತೋರಿಸುತ್ತಿದ್ದರು. ಬೀರೂರಿಗೆ ಹೋಗಬೇಕಾದ ಒಂದು ಸಂಸಾರವನ್ನು ನಾನು ಶಿವಮೊಗ್ಗದ ರೈಲು ಹತ್ತಿಸಿದ್ದೂ ಉಂಟು. ಅವರು ವಾಪಸ್ಸು ಬಂದು ಜಗಳ ಆಡಲಿಲ್ಲವಾದ್ದರಿಂದ ನನ್ನ ಕೀರ್ತಿಗೆ ಕುಂದು ಬರಲಿಲ್ಲ!

ಹೀಗಿರುವಾಗ, ಅಜ್ಜಂಪುರದಲ್ಲಿ ಹೊಲಿಗೆ ಕ್ಲಾಸು ನಡೆಸುವ ನನ್ನ ಅಕ್ಕ ಗಿರಿಜಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಡೂರಿನ ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಮಂಚ ಇಳಿಯಬೇಡಿ ಅಂದರು. ಒಂಟಿ ಹೆಂಗಸು. ಆದರೆ ಭಾಗ್ಯಮ್ಮ ಇದ್ದಳು. ಬುಕ್ಕಾಂಬುಧಿಯಿಂದ ಬೆಳಗ್ಗೆ ಬಸ್ಸಿಗೆ ಬಂದು ಅಡುಗೆ ಮಾಡಿ, ಅಕ್ಕನ ಜೊತೆಯಲ್ಲೇ ಉಂಡು, ಸಂಜೆ ಬಸ್ಸಿಗೆ ಹೋಗುವವಳು. ಹನ್ನೆರಡು ವರ್ಷದಿಂದ ಹೀಗೆ. ಈಗ ಅಕ್ಕನ ತಲೆ ಬಾಚುವುದೂ ಅವಳದೇ ಕೆಲಸವಾಗಿತ್ತು.

ಹೊತ್ತು ಹೋಗಲೆಂದು ನಾನು ಅಕ್ಕನ ಟಿವಿಯಲ್ಲಿ ಒಂದು ಥ್ರಿಲ್ಲರ್ ಸರಣಿ ಹಾಕಿಕೊಟ್ಟೆ. ದೊಡ್ಡ ಮನೆ, ತುಂಬಿದ ಸಂಸಾರ, ಅವರನ್ನೆಲ್ಲ ಮುಗಿಸಲು ಯಾರೋ ಹೊಂಚು ಹಾಕುತ್ತಿದ್ದಾರೆ. ಮಾತೆಲ್ಲ ಹಿಂದಿ.

“ಲೇ ಬಸವರಾಜ, ಏನಂತಾರೋ ಅವ್ರು?”

“ನಾನಿದೀನಲ್ಲಕ್ಕ!” ಅಂದೆ.

ವಾರಕ್ಕೆ ಮೂರು ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು, ಅಜ್ಜಂಪುರಕ್ಕೆ ತೆರಳಿ ಅನುವಾದ ಸೇವೆ ಸಲ್ಲಿಸತೊಡಗಿದೆ. ಮೊದಲನೆ ಕಂತಿನಲ್ಲೇ ಹಿರಿಯ ಮಗ ಸತ್ತ ಅಂದುಬಿಟ್ಟೆ. ಎರಡನೆಯದರಲ್ಲಿ ಆಸಾಮಿ ತಿಂಡಿ ತಿನ್ನುತ್ತಾ ಕೂತಿದ್ದಾನೆ!

“ಸತ್ತಿದ್ನಲ್ಲೋ?”

“ಇವ್ನು ಅವ್ನ ಅವಳಿ ತಮ್ಮ ಕಣಕ್ಕ.”

ಅಕ್ಕ ನಂಬಿದಳು. ಅವಳು ನಂಬಿದ್ದೇ ನನಗೆ ಕುಮ್ಮಕ್ಕಾಯಿತು.

ಮೂರನೆ ಕಂತಿನಲ್ಲಿ ಆ ಮನೆಯ ಅಡುಗೆಯವಳು ಸೊಸೆಯ ಕೋಣೆಗೆ ಬಂದು, ಹಾಲಿನ ಲೋಟ ತೋರಿಸಿ ಪಿಸುಗುಟ್ಟಿದಳು: “ಬೇಟಿ, ದೂಧ್ ಮತ್ ಪೀನಾ.”

ದೂಧ್ ಗೊತ್ತು. ಪೀನಾ ಗೊತ್ತು. ನಡುವೆ ‘ಮತ್’ ಅಂತ ಒಂದು. ನಮ್ಮ ಕಡೆ ‘ಮತ್ತೆ’ಯನ್ನು ಅವಸರದಲ್ಲಿ ಹಾಗೇ ಅಲ್ಲವೇ ಅನ್ನುವುದು?

“ಹಾಲು ಮತ್ತೆ ಕುಡಿ ಅಂತಿದಾಳೆ ಕಣಕ್ಕ!”

ಸೊಸೆ ಲೋಟ ಮುಟ್ಟಲಿಲ್ಲ. ಅಷ್ಟರಲ್ಲಿ ಅವಳ ಗಂಡ ಬಂದು ಗಟಗಟ ಕುಡಿದ. ಬಾಯಲ್ಲಿ ನೊರೆ!

“ನೋಡಿದ್ಯಾ? ವಿಷ ಹಾಕಿದ್ದು ಅಡುಗೆಯೋಳೇ. ನಂಬಿದೋರೇ ಕತ್ತು ಕುಯ್ಯೋದು. ಅಡುಗೆಯೋರ ಮೇಲೆ ಒಂದು ಕಣ್ಣಿಟ್ಟಿರ್ಬೇಕು ಕಣಕ್ಕ.”

ಮಾತಿನ ಭರದಲ್ಲಿ ಅಂದದ್ದು. ಮುಂದಿನ ಕಂತಿನಲ್ಲಿ ಆ ಅಡುಗೆಯವಳು ಆಸ್ಪತ್ರೆಯ ಬಾಗಿಲಲ್ಲಿ ಕೂತು ಅಳುತ್ತಿದ್ದಾಗ ನನಗೂ ಅನುಮಾನ ಬಂತು. ಆದರೆ ‘ನನಗೆ ಗೊತ್ತಿಲ್ಲ’ ಎಂಬ ಎರಡು ಪದ ಬಾಯಿಗೆ ಬರಲಿಲ್ಲ. “ನಾಟಕ ಆಡ್ತಾಳೆ” ಅಂದೆ.

ಭಾಗ್ಯಮ್ಮ ಅಕ್ಕನಿಗೆ ದಿನಾ ಅರಿಶಿನದ ಹಾಲು ಕೊಡುತ್ತಿದ್ದಳು. ಮರುದಿನ ಅಕ್ಕ, “ಮೊದ್ಲು ನೀನೊಂದಿಷ್ಟು ಅಂಗೈಗೆ ಬಗ್ಗಿಸ್ಕೊಂಡು ಕುಡಿ” ಅಂದಳಂತೆ. ಭಾಗ್ಯಮ್ಮ ನಕ್ಕು ಕುಡಿದಳು. ಎರಡನೆ ದಿನ ನಗದೆ ಕುಡಿದಳು. ಮೂರನೆ ದಿನ ಅಕ್ಕ ಹಾಲನ್ನು ಬೆಕ್ಕಿಗೆ ಬಗ್ಗಿಸಿ, ಅದು ಸಾಯುತ್ತದೇನೋ ಎಂದು ಕಾಯುತ್ತಾ ಕೂತಳು. ಬೆಕ್ಕು ಮೀಸೆ ನೆಕ್ಕಿಕೊಂಡು ಇನ್ನೂ ಬೇಕೆಂದಿತು! ಬಾಗಿಲಲ್ಲಿ ನಿಂತಿದ್ದ ಭಾಗ್ಯಮ್ಮ ಎಲ್ಲವನ್ನೂ ನೋಡಿದಳು. ಮನೆಯ ಬೀಗದ ಕೈಯನ್ನು ಮೊಳೆಗೆ ತಗುಲಿಹಾಕಿ, ಬಸ್ಸು ಹತ್ತಿ ಹೋಗಿಬಿಟ್ಟಳು.

ಆ ಭಾನುವಾರ ಅಕ್ಕನನ್ನು ನೋಡಲು ನನ್ನ ಜೊತೆ ಬಂದ ಹೆಂಡತಿ ಶಾಂತಾ, ರಿಮೋಟಿನಲ್ಲಿ ಏನೋ ಒತ್ತಿದಳು. ಟಿವಿ ಕನ್ನಡ ಮಾತಾಡತೊಡಗಿತು!

“ರೀ, ಇದ್ರಲ್ಲಿ ಕನ್ನಡಾನೂ ಐತಲ್ರೀ?”

“ಈಗ ಹಾಕಿರ್ಬೇಕು ಕಣೇ.”

“ಮೊದ್ಲಿಂದ್ಲೂ ಇತ್ತು ಕಣ್ರೀ.”

ಅಕ್ಕ ಮೂರನೆ ಕಂತು ಹಾಕಿಸಿದಳು. ಅಡುಗೆಯವಳು ಅಚ್ಚ ಕನ್ನಡದಲ್ಲಿ, “ಹಾಲು ಕುಡಿಯಬೇಡ ಮಗಳೇ” ಅಂದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ಮುಖ ತಿರುಗಿಸಿ, “ಹೋಗಿ ಅವ್ಳನ್ನ ಕರ್ಕಂಬಾ. ಕಾಲಿಗೆ ಬೀಳ್ಬೇಕಾದ್ರೆ ಬೀಳು” ಅಂದಳು.

ಬುಕ್ಕಾಂಬುಧಿಯಲ್ಲಿ ಭಾಗ್ಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಾನು ‘ಮತ್’ ಮತ್ತು ‘ಮತ್ತೆ’ಗಳ ವ್ಯಾಕರಣವನ್ನು ಸವಿಸ್ತಾರವಾಗಿ ವಿವರಿಸಿದೆ. ತಪ್ಪೆಲ್ಲ ನನ್ನದೇ ಅಂದೆ. ಮೊರ ನಿಲ್ಲಲಿಲ್ಲ.

“ನಿಮ್ಮ ಮ್ಯಾಲೆ ಸಿಟ್ಟಿಲ್ಲ ಬಸಣ್ಣ. ನಿಮಗೆ ಹಿಂದಿ ಬರಲ್ಲ, ತಪ್ಪು ಹೇಳಿದ್ರಿ. ಅಕ್ಕಾರಿಗೆ ಕನ್ನಡ ಬತ್ತಿತ್ತಲ್ಲ? ಹನ್ನೆರ್ಡ್ ವರ್ಷ ನಾನ್ ಮಾತಾಡಿದ್ದು ಕನ್ನಡದಾಗೇ ತಾನೆ? ನನ್ನೇ ಒಂದ್ಮಾತು ಕೇಳ್ಬೋದಿತ್ತು. ನಾನಿನ್ನು ಬರಲ್ಲ ಅಂತ ಹೇಳ್ಬಿಡಿ.”

ಆಮೇಲೆ ಎದ್ದು ಹೋಗಿ ನನಗೊಂದು ಲೋಟ ಮಜ್ಜಿಗೆ ತಂದಳು. ಕೊಡುವ ಮುಂಚೆ ತನ್ನ ಅಂಗೈಗೆ ಒಂದಿಷ್ಟು ಬಗ್ಗಿಸಿಕೊಂಡು ಕುಡಿದು ತೋರಿಸಿದಳು. ನಾನು ಲೋಟವನ್ನು ಹಾಗೇ ಜಗಲಿಯ ಮೇಲಿಟ್ಟು ಬಸ್ಸಿಗೆ ನಡೆದೆ.

ಮರಳಿ ಬಂದಾಗ ಅಕ್ಕ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು.

“ಏನಂದ್ಲೋ?”

ಇನ್ನು ಮೇಲೆ ಬಾಯಿಗೆ ಬಂದದ್ದು ಹೇಳುವುದಿಲ್ಲವೆಂದು ದಾರಿಯುದ್ದಕ್ಕೂ ಪ್ರತಿಜ್ಞೆ ಮಾಡಿಕೊಂಡು ಬಂದಿದ್ದೆ. ಭಾಗ್ಯಮ್ಮನ ಮಾತನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಒಪ್ಪಿಸಿದೆ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಹೊರಗೆ ಬಂದ ಮೇಲೆ ಶಾಂತಾ ನನ್ನ ತೋಳು ಜಿಗುಟಿದಳು.

“ನಾಳಿದ್ದು ಬತ್ತಾಳಂತೆ ಅಂತ ಒಂದ್ಮಾತು ಹೇಳಕ್ಕಾಗ್ಲಿಲ್ವೇನ್ರೀ? ಅಷ್ಟ್ರೊಳಗೆ ನಾನ್ ಹೋಗಿ ಒಪ್ಪಿಸ್ತಿದ್ದೆ. ಬೇಕಾದಾಗ ಒಂದ್ ಸುಳ್ಳು ಹೇಳಕ್ಕೂ ಬರಲ್ವಲ್ರೀ ನಿಮಗೆ!”

ಏನು ಮಾಡಲಿ? ನನ್ನ ಜೀವಮಾನದಲ್ಲಿ ನಾನು ಮಾಡಿದ ಸರಿಯಾದ ಅನುವಾದ ಅದೊಂದೇ.