ಒಬ್ಬನ ಕಿವಿಗೆ ಮಾತ್ರ

ನಿಪ್ಪಾಣಿಯ ಹುಡುಗಿ ಹಾಕಿದ್ದು ಒಂದೇ ಷರತ್ತು. ತಾನು ಆಡುವ ಮಾತು ತನ್ನನ್ನು ನೋಡಲಿರುವ ಹುಡುಗನ ಕಿವಿಗೆ ಮಾತ್ರ ಬೀಳಬೇಕು. ಅವನ ಅವ್ವ, ಮಾಮಾ, ಬಾಜೂ ಮನೆಯವರು ಯಾರೂ ಕೇಳಕೂಡದು. ಒಪ್ಪಿಗೆಯಾದರೆ ಭಾನುವಾರ ಸಂಜೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುತ್ತೇನೆ, ಇಲ್ಲವಾದರೆ ಬೇಡ.

ಕೇಳುವುದಕ್ಕೆ ಸಣ್ಣ ಷರತ್ತು. ಆದರೆ ಹುಡುಗ ಸಮ್ಮೇದ ಇದ್ದದ್ದು ಕಾಗವಾಡದ ಬಸದಿಯ ಹಿಂದಿನ ಓಣಿಯಲ್ಲಿ. ಅಲ್ಲಿ ಎರಡು ಮನೆಗೆ ಒಂದೇ ಗೋಡೆ. ಈ ಮನೆಯಲ್ಲಿ ಸೀನಿದರೆ ಆ ಮನೆಯಿಂದ ಯಾವ ಕಷಾಯ ಕುಡಿಯಬೇಕೆಂದು ಹೇಳಿ ಕಳಿಸುತ್ತಾರೆ. ಒಬ್ಬನ ಕಿವಿಗೆ ಮಾತ್ರ ಬಿದ್ದ ಮಾತು ಎಂಬುದೊಂದು ಇದೆಯೆಂದು ಆ ಓಣಿಯಲ್ಲಿ ಇದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ಸಮ್ಮೇದನಿಗೆ ಮೂವತ್ತಮೂರು. ಕಬ್ಬು, ದ್ರಾಕ್ಷಿ, ನೀರು ಬತ್ತದ ಬಾವಿ, ಎಲ್ಲ ಇತ್ತು. ನೌಕರಿ ಇರಲಿಲ್ಲ. ಹೆಣ್ಣಿನ ಕಡೆಯವರು ಬಂದು ಹೊಲ ನೋಡುತ್ತಿದ್ದರು, ಬಾವಿ ಬಗ್ಗಿ ನೋಡುತ್ತಿದ್ದರು, ಅವಲಕ್ಕಿ ಬಹಳ ಚಲೋ ಆಗಿದೆ ಎನ್ನುತ್ತಿದ್ದರು. ‘ಮನ್ಯಾಗ ಕೇಳಿ ಹೇಳ್ತೇವ್ರಿ’ ಎಂದು ಹೋದವರು ಇನ್ನೂ ಮನೆಯಲ್ಲಿ ಕೇಳುತ್ತಲೇ ಇದ್ದಾರೆ. ಈ ಕಾಜಲ ಎಂಬ ಹುಡುಗಿ ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಓದಿದವಳು. ಅವಳ ತಂದೆಗೆ ಒಕ್ಕಲುತನದ ಹುಡುಗ ನಡೆಯುತ್ತಿದ್ದ. ಅಂಥ ತಂದೆ ಸಿಕ್ಕುವುದೇ ಕಷ್ಟವೆಂದು ಸಂಬಂಧ ತಂದ ಭೀಮಸಿ ಮಾಮಾ ನಾಲ್ಕು ಸಲ ಹೇಳಿದ್ದ. ಇದೂ ತಪ್ಪಿದರೆ ಇನ್ನು ತಾನು ಯಾರ ಬಾಗಿಲೂ ಬಡಿಯುವುದಿಲ್ಲ ಎಂದೂ ಹೇಳಿದ್ದ.

ಮೊಬೈಲಿನಲ್ಲಿ ಮಾತಾಡಬಹುದಿತ್ತು. ಆದರೆ ಸಮ್ಮೇದನ ಮೊಬೈಲು ಹಿಂದಿನ ವಾರವಷ್ಟೇ ಔಷಧ ಕಲಸುವ ಪೀಪಾಯಿಯಲ್ಲಿ ಬಿದ್ದು ಮೂಕವೂ ಕಿವುಡೂ ಆಗಿ ಎದ್ದಿತ್ತು. ಅದರಿಂದ ಈಗ ನೆಟ್ ಹಂಚುವುದೊಂದೇ ಆಗುತ್ತಿತ್ತು. ಪುಕ್ಕಟೆ ನೆಟ್ಟಿನ ಸಿಮ್ ಬಂದು ವರ್ಷವಾಗಿದ್ದ ಕಾಲ ಅದು, ಅಷ್ಟಾದರೂ ಇತ್ತು. ಉಳಿದದ್ದು ಲ್ಯಾಪ್‌ಟಾಪು. ನೋಡಲು ಬಂದವರ ಎದುರು ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು ಇದ್ದರೆ ಹುಡುಗನ ತೂಕ ಏರುತ್ತದೆ ಎಂದು ಮಾಮಾನೇ ಮಿರಜದಿಂದ ಹಳೆಯದೊಂದನ್ನು ಕೊಡಿಸಿದ್ದ. ಅದರ ದನಿ ಮಾತ್ರ ಕಬ್ಬಿನ ಟ್ರ್ಯಾಕ್ಟರಿನ ಟೇಪಿನಂತೆ ಬೀದಿಗೆ ಕೇಳುತ್ತಿತ್ತು. ಇಯರ್‌ಫೋನ್ ಚುಚ್ಚುವ ತೂತಿನಲ್ಲಿ ಹಳೆಯ ಪಿನ್ನಿನ ತುದಿ ಮುರಿದು ಕೂತಿತ್ತು. ಹೀಗಾಗಿ ಸಮ್ಮೇದ ಶನಿವಾರ ಮಿರಜಕ್ಕೆ ಹೋಗಿ ವಾಯರ್ ಇಲ್ಲದ ಬ್ಲೂಟೂತ್ ಹೆಡ್‌ಫೋನ್ ತಂದ. ಕರಿ ಬಣ್ಣದ್ದು, ಕಿವಿ ಪೂರ್ತಿ ಮುಚ್ಚುವಂಥದ್ದು. ಹಾಕಿಕೊಂಡರೆ ಹೊರಗಿನ ಪ್ರಪಂಚವೇ ಇಲ್ಲ.

ಭಾನುವಾರ ಮುಂಜಾನೆ ಲ್ಯಾಪ್‌ಟಾಪು ತೆರೆದು ನೋಡಿದರೆ ಬ್ಲೂಟೂತಿನ ಗುರುತೇ ಇಲ್ಲ. ಇದಕ್ಕೆ ಕಾರಣ ಕುನಾಲ. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಕುನಾಲ ಕಾಲೇಜಿನ ಗೆಳೆಯ. ಲ್ಯಾಪ್‌ಟಾಪು ಶುರುವಾಗುವಷ್ಟರಲ್ಲಿ ಎಮ್ಮೆ ಕರೆದು ಬರಬಹುದೆಂದು ಸಮ್ಮೇದ ಗೋಳಾಡಿದಾಗ, ಅವನು ವಿಂಡೋಸ್ ತೆಗೆದು ಒಂದು ಲಿನಕ್ಸ್ ಹಾಕಿಕೊಟ್ಟಿದ್ದ. ಬಹಳ ಹಗುರ ಇದೆ ಎಂದಿದ್ದ. ಹಗುರ ಹೌದು. ಅದರಲ್ಲಿ ಏನೂ ಇರಲಿಲ್ಲ, ಹಾಗಾಗಿ ಹಗುರ ಇತ್ತು.

ಸಮ್ಮೇದ ಅವ್ವ ಜಿನಮತಿಯ ಗುಂಡಿ ಒತ್ತುವ ಹಳೆಯ ಮೊಬೈಲಿನಿಂದ ಕುನಾಲನಿಗೆ ಫೋನ್ ಹಚ್ಚಿದ. ಕುನಾಲ ಕರೋಶಿಯಲ್ಲಿ ಅಕ್ಕನ ಹೊಸ ಮನೆಯ ಊಟದಲ್ಲಿ ಬಡಿಸುತ್ತಿದ್ದ. ಬ್ಲೂಟೂತ್ ಮಲಗಿರಬೇಕು, ಮೊದಲು ಅದನ್ನು ಎಬ್ಬಿಸಬೇಕು, ತೆರೆಯ ಮೇಲೆ ಆಜ್ಞೆ ಬರೆಯುವ ಕರಿ ಕಿಟಕಿ ತೆಗೆದು ನಾನು ಹೇಳಿದ್ದನ್ನು ಹೊಡಿ ಎಂದ. ಅಕ್ಷರ ಅಕ್ಷರವಾಗಿ ಹೇಳುತ್ತ ನಡುನಡುವೆ, ಇಲ್ಲಿ ಹುಗ್ಗಿ ಹಾಕಿ, ಅಲ್ಲಿ ತುಪ್ಪ ಬಂದಿಲ್ಲ ಎಂದೂ ಅನ್ನುತ್ತಿದ್ದ. ಸಮ್ಮೇದ ಒಂದು ಸಲ ಹುಗ್ಗಿಯನ್ನೂ ಟೈಪು ಮಾಡಿದ. ಅಂಥ ಆಜ್ಞೆ ಗೊತ್ತಿಲ್ಲವೆಂದು ಲಿನಕ್ಸು ಮರ್ಯಾದೆಯಿಂದಲೇ ಹೇಳಿತು.

ಎರಡೂ ಕೈ ಕೀಲಿಮಣೆಯ ಮೇಲಿದ್ದುದರಿಂದ ಮೊಬೈಲನ್ನು ಸ್ಪೀಕರಿಗೆ ಹಾಕಿದ್ದ. ಆದ್ದರಿಂದ ಬಾಜೂ ಮನೆಯ ರಾವಸಾಹೇಬ ಕಾಕಾ ಬಂದರು. ಟೆಲಿಫೋನ್ ಖಾತೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಊರಿನಲ್ಲಿ ಯಾವುದು ಯಾವುದಕ್ಕೆ ಕೂಡಬೇಕಾದರೂ ತಮ್ಮ ಕೈಯಿಂದಲೇ ಕೂಡಬೇಕೆಂಬುದು ಅವರ ನಂಬಿಕೆ. ಹೆಡ್‌ಫೋನನ್ನು ತಿರುಗಿಸಿ ನೋಡಿ, ವಾಯರ್ ಎಲ್ಲಿ ಎಂದು ಕೇಳಿದರು. ಇಲ್ಲವೆಂದು ತಿಳಿದ ಮೇಲೆ, ತೊಂದರೆ ಅಲ್ಲಿಯೇ ಇದೆ ಎಂದರು.

ಬ್ಲೂಟೂತ್ ಎದ್ದಿತು. ಆದರೆ ಹೆಡ್‌ಫೋನಿಗೆ ಕೂಡು ಎಂದರೆ, ಆ ರೀತಿ ರಿವಾಜು ನನ್ನಲ್ಲಿಲ್ಲ ಎಂಬರ್ಥದ ಇಂಗ್ಲಿಷು ಬಂತು. ದನಿಯನ್ನು ಬ್ಲೂಟೂತಿಗೆ ದಾಟಿಸುವ ತುಣುಕನ್ನೇ ಕುನಾಲ ಹಾಕಿರಲಿಲ್ಲ. ಅದನ್ನು ನೆಟ್ಟಿನಿಂದ ಇಳಿಸಬೇಕು. ಪೀಪಾಯಿಯ ಮೊಬೈಲಿಗೆ ಮನೆಯೊಳಗೆ ನೆಟ್ ಹತ್ತಲಿಲ್ಲ, ಮಾಳಿಗೆಯ ಮೇಲೆ ಹತ್ತಿತು. ಸಮ್ಮೇದ ಲ್ಯಾಪ್‌ಟಾಪು ಹೊತ್ತು ಮಾಳಿಗೆ ಏರಿದ. ಜೋಳದ ಹಪ್ಪಳ ಒಣಗಿಸುತ್ತಿದ್ದ ಓಣಿಯ ಹೆಂಗಸರು ಅದೇನೆಂದು ಕೇಳಿದರು. ರಾವಸಾಹೇಬ ಕಾಕಾ ಎಲ್ಲರಿಗೂ ವಿವರಿಸಿ ಹೇಳಿದರು: ಹುಡುಗಿ ಗುಟ್ಟಿನಲ್ಲಿ ಮಾತಾಡುವವಳಿದ್ದಾಳೆ, ಯಾರಿಗೂ ಹೇಳಬೇಡಿರಿ.

ಇಳಿಸಿಕೊಂಡು, ಸಂಜೆಯ ಕರೆಗೂ ನೆಟ್ ಸಿಗಲೆಂದು ಮೊಬೈಲನ್ನು ಮಾಳಿಗೆಯ ಅಂಚಿನಲ್ಲೇ ಬಿಟ್ಟು, ಕೆಳಗೆ ಬಂದು ಹುಡುಕಿದಾಗ ಹತ್ತಿರದ ಬ್ಲೂಟೂತುಗಳ ಹೆಸರು ಸಾಲಾಗಿ ಬಂದವು. ಒಂದಕ್ಕೂ ಸರಿಯಾದ ಹೆಸರಿಲ್ಲ, ಬರೀ ಅಂಕಿ. ಸಮ್ಮೇದ ಒಂದನ್ನು ಆರಿಸಿದ. ಅದು ತಕ್ಷಣ ಕೂಡಿತು. ದನಿ ಪರೀಕ್ಷೆ ಮಾಡು ಎಂದ ಕುನಾಲ. ಮಾಡಿದರೆ ಹೆಡ್‌ಫೋನಿನಲ್ಲಿ ಏನೂ ಇಲ್ಲ. ಮತ್ತೆ ಮಾಡಿದ. ಮೂರನೆಯ ಸಲ ಮಾಡುವಾಗ ಕಾಕಾನ ಹೆಂಡತಿ ಸುಂದರಾ ಕಾಕೂ ಬಾಗಿಲಿಗೆ ಬಂದು ನಿಂತಳು. ಮಗಳು ಕೊಡಿಸಿದ ಸ್ಪೀಕರಿನಲ್ಲಿ ಅವಳು ಮುನಿ ಮಹಾರಾಜರ ಪ್ರವಚನ ಕೇಳುತ್ತಿದ್ದಳಂತೆ. ಯಾರು ಕರೆದರೂ ಓಗೊಡುವ ಜಾತಿಯ ಸ್ಪೀಕರು, ಸಮ್ಮೇದನಿಗೆ ಕೂಡಿದ್ದು ಅದೇ. ಸಂಸಾರ ಎಂದರೆ ಏನು ಎಂದು ಮಹಾರಾಜರು ಕೇಳಿದ ಹೊತ್ತಿಗೆ ಪ್ರವಚನ ನಿಂತು, ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ‘ಮುಂದೆ ಎಡಕ್ಕೆ, ಮುಂದೆ ಬಲಕ್ಕೆ’ ಎಂದು ಹೇಳತೊಡಗಿದಳಂತೆ. ಕಾಕೂ ಎಡಕ್ಕೂ ಬಲಕ್ಕೂ ನೋಡಿ, ಏನೂ ಕಾಣದೆ ಇಲ್ಲಿಗೆ ಬಂದಿದ್ದಳು. ಬಂದವಳು ಹೋಗಲಿಲ್ಲ.

ಎರಡನೆಯ ಸಾಲಿಗೆ ಹೆಡ್‌ಫೋನು ಸಿಕ್ಕಿತು. ಪರದೆಯ ಮೇಲೆ ಮೂರು ಸಾಲು ಬಂತು. ರಾವಸಾಹೇಬ ಕಾಕಾ ಕನ್ನಡಕ ಏರಿಸಿ ಜಿನಮತಿಗೆ ಅರ್ಥ ಹೇಳಿದರು.

“ಜೋಡಿ ಆಗೇತಿ. ವಿಶ್ವಾಸ ಇಲ್ಲ. ಕೂಡಿಲ್ಲ.”

“ನಡೀತೈತಿ ಬಿಡ್ರಿ,” ಎಂದಳು ಜಿನಮತಿ ಕಾಳು ಆರಿಸುತ್ತ. “ನಮ್ಮದೂ ಮೊದಲ ಹಂಗ ಇತ್ತು.”

ವಿಶ್ವಾಸ ಇಡು ಎಂದು ಟೈಪು ಮಾಡಿದ ಮೇಲೆ ಕೂಡಿತು. ಹೆಡ್‌ಫೋನಿನಲ್ಲಿ ದನಿ ಬಂತು, ಬಹಳ ಚಂದ ಬಂತು. ಆದರೆ ಈಗ ಸಮ್ಮೇದ ಮಾತಾಡಿದರೆ ಆ ಕಡೆಗೆ ಹೋಗುತ್ತಿರಲಿಲ್ಲ. ಕೇಳುವ ಬಗೆ ಬೇರೆ, ಮಾತಾಡುವ ಬಗೆ ಬೇರೆ, ಎರಡೂ ಬೇಕಾದರೆ ದನಿಯ ಚಂದ ಬಿಡಬೇಕು ಎಂದು ಕುನಾಲ ಕೊನೆಯ ಪಂಕ್ತಿಗೆ ಬಡಿಸುತ್ತ ತಿಳಿಸಿಕೊಟ್ಟ. ಬಗೆ ಬದಲಿಸಿದಾಗ ಎರಡೂ ಬಂದವು. ಯಾರೋ ಬಾವಿಯ ತಳದಲ್ಲಿ ಕೂತು ಮಾತಾಡಿದಂತೆ ಕೇಳಿಸುತ್ತಿತ್ತು, ಆದರೆ ಕೇಳಿಸುತ್ತಿತ್ತು. ಸಮ್ಮೇದನಿಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಕಾಕಾ, ಕಾಕೂ, ಮಾಳಿಗೆಯಿಂದ ಇಳಿದ ಹೆಂಗಸರು ಎಲ್ಲರೂ ಒಂದೊಂದು ಸಲ ಹಾಕಿಕೊಂಡು ಹಲೋ ಎಂದು ನೋಡಿದರು.

ಸಂಜೆ ಭೀಮಸಿ ಮಾಮಾ ಬಂದು ಕೋಣೆ ಖಾಲಿ ಮಾಡಿಸಿದ. ಮಾತು ಕೊಟ್ಟಿದ್ದೇವೆ, ಯಾರೂ ಕೇಳಬಾರದು ಎಂದು ಗದರಿದ. ಎಲ್ಲರೂ ಒಪ್ಪಿ ಹೊರಗೆ ಹೋಗಿ ಕೋಣೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತರು. ಮಾಮಾನೂ ಕೂತ.

ಕಾಜಲ ತೆರೆಯ ಮೇಲೆ ಬಂದಳು. ನಿಮ್ಮ ಕಿವಿಗೆ ಮಾತ್ರ ಕೇಳುತ್ತಿದೆಯಲ್ಲ ಎಂದು ಎರಡು ಸಲ ಕೇಳಿಕೊಂಡು, ನೇರವಾಗಿ ವಿಷಯಕ್ಕೆ ಬಂದಳು. ಧಾರವಾಡದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಮದುವೆಯಾದರೆ ಓದು ಮುಗಿದಂತೆಯೇ. ತಾನು ಒಲ್ಲೆ ಎಂದರೆ ತಂದೆ ಬಿಡುವುದಿಲ್ಲ.

“ಹೆಣ್ಣಿನವರು ಒಲ್ಲೆ ಅಂದ್ರ ಯಾಕಂತ ಊರೆಲ್ಲ ಕೇಳತೈತ್ರಿ,” ಎಂದಳು. “ಗಂಡಿನವರು ಒಲ್ಲೆ ಅಂದ್ರ ಯಾರೂ ಏನೂ ಕೇಳೂದಿಲ್ಲ. ನೀವ ಅಂದುಬಿಡ್ರಿ. ನಾ ಹೇಳಿದ್ದು ಮಾತ್ರ ಯಾರಿಗೂ ಗೊತ್ತಾಗಬಾರದು.”

ಇಷ್ಟು ವರ್ಷ ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಸುಳ್ಳು ಹೇಳಿಹೋದವರ ನಡುವೆ ನಿಜ ಹೇಳಿದವಳು ಇವಳೊಬ್ಬಳೇ, ಅವಳೂ ಸಿಗುವುದಿಲ್ಲ. ಆದರೂ ಅವಳ ಮುಖ ನೋಡಿ ಸಮ್ಮೇದನಿಗೆ ಇಲ್ಲ ಎನ್ನಲಾಗಲಿಲ್ಲ. ಬಾವಿಯ ತಳದವರೊಂದಿಗೆ ಮಾತಾಡುವವರು ಯಾವ ದನಿಯಲ್ಲಿ ಮಾತಾಡುತ್ತಾರೋ ಅದೇ ದನಿಯಲ್ಲಿ ಕೂಗಿ ಉತ್ತರ ಕೊಟ್ಟ.

“ಆತ್ರಿ. ನನಗ ನೀವು ಬ್ಯಾಡ. ಹಂಗಂತ ನಾನ ಹೇಳ್ತೇನಿ. ಕಾರಣ ಯಾರು ಕೇಳಿದ್ರೂ ಹೇಳೂದಿಲ್ರಿ. ಒಲ್ಲೆ ಅಂದ್ರ ಒಲ್ಲೆ.”

ಅವಳು ಕೈ ಮುಗಿದಳು. ತೆರೆ ಖಾಲಿಯಾಯಿತು. ಸಮ್ಮೇದ ಹೆಡ್‌ಫೋನು ತೆಗೆಯಲಿಲ್ಲ. ಹೊರಗೆ ಹೋದರೆ ಕೂಡಲೇ ಹೇಳಬೇಕಾಗುತ್ತದೆ. ಊಟ ಆದ ಮೇಲೆ, ಇಲ್ಲವೇ ನಾಳೆ, ಅವ್ವನಿಗೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡು ಕಿವಿ ಮುಚ್ಚಿದಂತೆಯೇ ಕೂತಿದ್ದ. ಹೊರಗಿನದು ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಒಳ್ಳೆಯ ಹೆಡ್‌ಫೋನು.

ಕೆಲ ಹೊತ್ತಿನಲ್ಲೇ ಮತ್ತೆ ಕರೆ ಬಂತು. ಕಾಜಲಳೇ. ಈ ಸಲ ಅವಳು ತಡವರಿಸಿದಳು. ಯಾಕೆ, ಏನು ಎಂದು ಒಂದು ಮಾತೂ ಕೇಳದೆ ಒಪ್ಪಿಕೊಂಡಿರಲ್ಲ, ಅದೇ ತಲೆಯಲ್ಲಿ ಕೂತಿದೆ ಎಂದಳು. ಆಮೇಲೆ ಕೇಳಿದಳು, ಮದುವೆಯಾದ ಮೇಲೆ ಹೆಂಡತಿ ಧಾರವಾಡದಲ್ಲಿ ಓದುತ್ತೇನೆ ಎಂದರೆ ನಿಮ್ಮದೇನಾದರೂ ತಕರಾರು ಇತ್ತೇ?

ಕಾಗವಾಡದಿಂದ ಧಾರವಾಡಕ್ಕೆ ತಾನೇ ವಾರಕ್ಕೊಮ್ಮೆ ಬರುತ್ತೇನೆ, ದ್ರಾಕ್ಷಿ ತರುತ್ತೇನೆ ಎಂದು ಸಮ್ಮೇದ ನಾಚಿಕೊಂಡು ಪಿಸುದನಿಯಲ್ಲಿ ಹೇಳಿದ. ಅವಳು ಮೊದಲ ಸಲ ನಕ್ಕಳು.

“ಹಂಗಾದ್ರ ಯಾರಿಗೂ ಏನೂ ಹೇಳಬ್ಯಾಡ್ರಿ. ಅಪ್ಪಗ ನಾನ ಹೂಂ ಅಂತೇನಿ.”

“ಯಾರಿಗೂ ಹೇಳಿಲ್ರಿ,” ಎಂದ ಸಮ್ಮೇದ. “ನಾ ಇನ್ನೂ ಬಾಗಿಲಾ ಸುದ್ದಾ ತಗದಿಲ್ಲ.”

ಅಷ್ಟರಲ್ಲಿ ಅವಳ ಹಿಂದಿನ ಬಾಗಿಲು ತೆರೆಯಿತು. ಬಾವಿಯ ಇನ್ನೂ ಕೆಳಗಿನಿಂದ ಒಂದು ಗಂಡಸಿನ ದನಿ ಬಂತು. ಕಾಗವಾಡದ ಭೀಮಸಿ ಈಗಷ್ಟೇ ಫೋನ್ ಮಾಡಿದ್ದ, ಹುಡುಗ ಒಲ್ಲೆ ಅಂದನಂತೆ, ಕಾರಣ ಹೇಳಲಿಕ್ಕೂ ತಯಾರಿಲ್ಲವಂತೆ. ನಮ್ಮ ಮಗಳನ್ನು ಬೇಡ ಅಂದ ಮನೆಯವರು ನಾಳೆ ಕಾಲಿಗೆ ಬಿದ್ದರೂ ಅಲ್ಲಿಗೆ ಕೊಡುವುದಿಲ್ಲ, ಮೊದಲೇ ಕೇಳಿದ್ದ ಸಾಂಗಲಿಯವರಿಗೆ ಫೋನಿನಲ್ಲೇ ಹೂಂ ಅಂದುಬಿಟ್ಟಿದ್ದೇನೆ.

ಕಾಜಲ ತೆರೆಯ ಕಡೆ ತಿರುಗಿದಳು. ಅವಳ ಮುಖದಲ್ಲಿದ್ದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಹೇಳಿಬಿಟ್ಟಿದ್ರ್ಯಾ?” ಎಂದಳು. ಸಮ್ಮೇದ ಬಾಯಿ ತೆರೆಯುವಷ್ಟರಲ್ಲಿ ತೆರೆ ಕಪ್ಪಾಯಿತು.

ಅವನು ಹೆಡ್‌ಫೋನು ತೆಗೆದು ಬಾಗಿಲು ತೆರೆದ. ಕಟ್ಟೆಯ ಮೇಲೆ ಓಣಿಯೆಲ್ಲ ಕೂತಿತ್ತು, ಅದರ ಮೇಲಿನ ಕಿಟಕಿ ತೆರೆದೇ ಇತ್ತು. ಭೀಮಸಿ ಮಾಮಾ ಮೊಬೈಲು ಜೇಬಿಗಿಟ್ಟು ಮುಖ ತಿರುವಿದ. ಒಲ್ಲೆ ಎಂಬ ಮಾತನ್ನು ಹೆಣ್ಣಿನವರಿಗೆ ಆಗಿಂದಾಗಲೇ ಮುಟ್ಟಿಸಬೇಕು, ಒಂದು ರಾತ್ರಿಯೂ ಕಾಯಿಸಬಾರದು ಎಂಬುದು ಮಧ್ಯಸ್ಥರ ರೀತಿ. ಅದನ್ನು ತಾನು ಪಾಲಿಸಿದ್ದೇನೆ, ಇಂದಿಗೆ ತನ್ನ ಕೆಲಸ ಮುಗಿಯಿತು ಎಂದು ಚಪ್ಪಲಿ ಮೆಟ್ಟಿದ. ಎಂ.ಎಸ್ಸಿ. ಓದಿದ ಹುಡುಗಿಯ ಮುಖದ ಮೇಲೇ ನೀ ಬೇಡ ಎನ್ನಬೇಕಾದರೆ ಎಷ್ಟು ಸೊಕ್ಕಿರಬೇಕು ಎಂದು ಸುಂದರಾ ಕಾಕೂ ಮಾಳಿಗೆಯ ಹೆಂಗಸರಿಗೆ ಹೇಳುತ್ತಿದ್ದಳು. ಅವರು ಅದನ್ನು ಮುಂದಿನ ಓಣಿಗೆ ಹೇಳಲು ಎದ್ದರು.

ಜಿನಮತಿ ಮಾಡಿಟ್ಟ ಹೋಳಿಗೆ ಹಾಗೇ ಮುಚ್ಚಿಟ್ಟಿದ್ದಳು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವವಳಲ್ಲ, ಮತ್ತು ಹೊತ್ತು ಮುಳುಗಿತ್ತು.

“ಯಾಕಪ್ಪಾ ಹಂಗಂದಿ?” ಎಂದು ಒಂದೇ ಮಾತು ಕೇಳಿದಳು.

ಯಾರಿಗೂ ಹೇಳುವುದಿಲ್ಲವೆಂದು ಸಮ್ಮೇದ ಮಾತು ಕೊಟ್ಟಿದ್ದ. ಹೇಳಿದರೂ, ಹುಡುಗಿಯೇ ಬೇಡ ಎಂದಳು, ಆಮೇಲೆ ಹುಡುಗಿಯೇ ಬೇಕು ಎಂದಳು, ಎರಡನ್ನೂ ನಾನೊಬ್ಬನೇ ಕೇಳಿದೆ ಎಂದರೆ ನಂಬುವವರು ಯಾರು? ಅವನು ಹೆಡ್‌ಫೋನನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

ಎಲ್ಲರೂ ಎದ್ದು ಹೋದ ಮೇಲೆ ರಾವಸಾಹೇಬ ಕಾಕಾ ಒಬ್ಬರೇ ಉಳಿದರು. ಅವರಿಗೆ ಮದುವೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಹತ್ತಿರ ಬಂದು, ಇಡೀ ದಿನ ದುಡಿದವರ ಕಾಳಜಿಯಿಂದ ಕೇಳಿದರು.

“ಅದೆಲ್ಲಾ ಇರಲಿ. ಆಕಿ ಅಂದದ್ದು ನಿನಗ ಸರಿಯಾಗಿ ಕೇಳಿಸ್ತೋ ಇಲ್ಲೋ?”

“ಕೇಳಿಸ್ತ್ರಿ ಕಾಕಾ,” ಎಂದ ಸಮ್ಮೇದ. “ಎಲ್ಲಾ ಕೇಳಿಸ್ತು.”